ಹತ್ತೂವರೆ ಬಸ್ಸಿನ ಡಬ್ಬಿ

೧೭ ನವೆಂಬರ್ ೨೦೨೫, ಸೋಮವಾರ

ಈ ಡೈರಿ ಸೊಸೈಟಿಯವರು ಜನವರಿಯಲ್ಲಿ ಕೊಟ್ಟದ್ದು. ಇಷ್ಟು ದಿನ ಇದರ ಮೇಲೆ ಹಾಲಿನ ಪಾತ್ರೆ ಇಡ್ತಿದ್ದೆ. ಇವತ್ತು ಬರೀಲಿಕ್ಕೆ ತೆಗೆದೆ. ಯಾಕೆ ಅಂದ್ರೆ ನನಗೆ ಬೈಯಬೇಕು, ಬೈಯಲಿಕ್ಕೆ ಜಾಗ ಇಲ್ಲ. ಮೊದಲಾದರೆ ಸಿಟ್ಟು ಬಂದಾಗ ಬೇಲಿ ಹತ್ತಿರ ನಿಂತು ಪಕ್ಕದ ಮನೆ ಮಂಗಲಾಗೆ ಹೇಳಿದರೆ ಮುಗೀತಿತ್ತು. ಈಗ ಯಾರನ್ನು ಬೈಯಬೇಕೋ ಅವನೇ ನಡುಮನೆ ಮಂಚದ ಮೇಲೆ ಮಲಗಿದ್ದಾನೆ. ಅವನ ಕಾಲು ಹೋಗಿದೆಯೇ ಹೊರತು ಕಿವಿ ಹೋಗಿಲ್ಲ.

ಮಲಗಿದವ ನನ್ನ ತಮ್ಮ ಮಹಾಬಲ. ನಮಗೆ ಮಾಬ್ಲ. ಎಪ್ಪತ್ತೊಂದು ವರ್ಷ. ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವ, ಭಟ್ಕಳದಲ್ಲಿ ಸ್ವಂತ ಮನೆ. ಎರಡು ವರ್ಷದ ಹಿಂದೆ ಹೆಂಡತಿ ಹೋದಳು. ಅಂದಿನಿಂದ ಹೊರಗೆ ಕಾಲಿಡೂದು ಬಿಟ್ಟ. ಒಳಗೇ ಇದ್ದವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಎಲುಬು ಮುರಿದುಕೊಂಡ. ಆಪರೇಶನ್ ಆತು. ಮಗಳು ವಿನುತಾ ಹುಬ್ಬಳ್ಳಿಯಲ್ಲಿ ಟೀಚರು, ಅವಳ ರಜೆ ಮುಗೀತು. "ಅತ್ತೆ, ಸ್ವಲ್ಪ ದಿನ ನೋಡ್ಕೊ" ಅಂತ ಇಲ್ಲಿ ಕಾಸರಕೋಡಿಗೆ ತಂದು ಇಳಿಸಿ ಹೋದಳು. ಸ್ವಲ್ಪ ಅಂದ್ರೆ ಎಷ್ಟು ಅಂತ ಟೀಚರಿಗೆ ಗೊತ್ತಿಲ್ಲ.

ಡಾಕ್ಟರು ಹೇಳಿದ್ದು, ಎಲುಬು ಕೂಡಿದೆ, ಇನ್ನು ನಡೀಬೇಕು, ಈಗ ನಡೀದಿದ್ರೆ ಮುಂದೆ ನಡೆಯೂದೇ ಇಲ್ಲ. ಇವ ಏಳೂದಿಲ್ಲ. ನನ್ನ ಮಗ-ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಗೆ ಬರೂದು. ಇಡೀ ದಿನ ಇವ ಮತ್ತು ನಾನು. ನಡೀಲಿಕ್ಕೆ ಅಂತ ಕೊಟ್ಟ ನಾಲ್ಕು ಕಾಲಿನ ವಾಕರ್ ಮೂಲೆಯಲ್ಲಿ ನಿಂತಿತ್ತು. ಅದರ ಮೇಲೆ ಟವೆಲ್ ಒಣಗಿಸಿದ್ದೇನೆ. ಅದಕ್ಕಾದರೂ ಬಂತು.

೧೯ ನವೆಂಬರ್, ಬುಧವಾರ

ಬೆಳಿಗ್ಗೆಯಿಂದ ಮಾಬ್ಲನ ಫೋನು ಹೊಡ್ಕೊಳ್ತಿತ್ತು. ಅವ ತೆಗೆದು ನೋಡೂದು, ಮಗುಚಿ ಹಾಕೂದು. ಮೂರನೇ ಸಲಕ್ಕೆ ನಾನೇ ಎತ್ತಿದೆ.

"ಮಾಬ್ಲನಾ?"

"ಅಲ್ಲ, ಅವನ ಅಕ್ಕ ಸಣ್ಣಮ್ಮ. ಅವ ಮಲಗಿದ್ದಾನೆ. ನೀ ಯಾರು?"

ಆ ಬದಿಯಿಂದ ಮೆಲ್ಲಗೆ, "ಡಬ್ಬಿ ಅಕ್ಕ?"

"ಯಾವ ಡಬ್ಬಿ? ನೀ ಯಾರು ಅಂತ ಹೇಳು ಮೊದಲು."

"ನಾ ಸುದರ್ಶನ ಅಕ್ಕ. ಕುಮಟೆ ವಕೀಲ. ಮಾಬ್ಲನ ಕ್ಲಾಸು. ಮೂರು ವರ್ಷ ನಿನ್ನ ಡಬ್ಬಿ ಉಂಡವ."

ಸಂಗತಿ ಎಂತ ಅಂದ್ರೆ ಇವರ ಬಿ.ಎ. ಮುಗಿದು ಐವತ್ತು ವರ್ಷ ಆತಂತೆ. ಡಿಸೆಂಬರ್ ಇಪ್ಪತ್ತೆಂಟಕ್ಕೆ ಕುಮಟೆಯಲ್ಲಿ ಎಲ್ಲ ಸೇರೂದಂತೆ. ವಾಟ್ಸಾಪಿನಲ್ಲಿ ಎಲ್ಲರೂ ಬರ್ತೇನೆ ಅಂದಿದ್ದಾರೆ, ಮಾಬ್ಲನ ಸುದ್ದಿ ಇಲ್ಲ. "ಹ್ಯಾಂಗಾದ್ರೂ ಮಾಡಿ ಕರ್ಕಂಡು ಬಾ ಅಕ್ಕ. ಅವ ಇಲ್ಲದಿದ್ರೆ ಸಪ್ಪೆ."

ಫೋನಿಟ್ಟು ಮಾಬ್ಲನ ಕೇಳಿದೆ. ಗೋಡೆ ಕಡೆ ತಿರುಗಿಕೊಂಡ. "ಲಾಂಗ್ ಜಂಪಿನಲ್ಲಿ ಫಸ್ಟ್ ಬಂದವ ನಾನು. ಈ ಟವೆಲ್ ಸ್ಟ್ಯಾಂಡ್ ಹಿಡ್ಕೊಂಡು ಹೋಗಿ ಅವರೆದುರು ನಿಲ್ಲೂದಾ? ನಾ ಹೋಗೂದಿಲ್ಲ."

"ಹೋಗಬೇಡ. ನಿನ್ನ ಹೊತ್ತುಕೊಂಡು ಹೋಗಲಿಕ್ಕೆ ಯಾರೂ ಕಾಯ್ತಾ ಇಲ್ಲ" ಅಂದೆ.

ಐವತ್ತು ವರ್ಷ ಆದ್ಮೇಲೆ ಸೇರಿ ಎಂತ ಮಾಡ್ತಾರೆ ಈ ಜನ. ಯಾರಿಗೆ ಶುಗರ್, ಯಾರಿಗೆ ಬೈಪಾಸ್ ಅಂತ ಹೇಳಿಕೊಳ್ಳೂದು, ಪಲಾವ್ ತಿನ್ನೂದು, ಶಾಲು ಹೊದಿಸಿಕೊಳ್ಳೂದು. ನಾನು ಐದನೇ ಇಯತ್ತೆಯಲ್ಲಿ ಶಾಲೆ ಬಿಟ್ಟವಳು. ಬಿಡಿಸಿದ್ದಲ್ಲ, ಬಿಟ್ಟದ್ದು. ಮಾಸ್ತರು ಕಿವಿ ಹಿಂಡಿದರು, ನಾನು ಅವರ ಕೈ ಕಚ್ಚಿದೆ, ಮನೆಗೆ ಬಂದೆ, ಮತ್ತೆ ಹೋಗಲಿಲ್ಲ. ಒಂದು ದಿನವೂ ಅದಕ್ಕೆ ಬೇಜಾರಾಗಿಲ್ಲ.

೨೨ ನವೆಂಬರ್, ಶನಿವಾರ

ಆ ವಕೀಲ ಡಬ್ಬಿ ಅಕ್ಕ ಅಂದದ್ದು ತಲೆಯಿಂದ ಹೋಗ್ತಾ ಇಲ್ಲ.

ಆಗ ನಮ್ಮ ಅಪ್ಪನ ಮನೆ ಹಳದೀಪುರದಲ್ಲಿ. ಮಾಬ್ಲ ಬೆಳಿಗ್ಗೆ ಏಳಕ್ಕೇ ಕುಮಟೆ ಬಸ್ಸು ಹತ್ತುತ್ತಿದ್ದ. ಅಷ್ಟೊತ್ತಿಗೆ ಅನ್ನ ಎಲ್ಲಿ ಆಗ್ತದೆ. ಅದಕ್ಕೆ ನಾನು ಅಡುಗೆ ಮಾಡಿ, ಎರಡು ಅಂತಸ್ತಿನ ಡಬ್ಬಿಗೆ ತುಂಬಿಸಿ, ಹತ್ತೂವರೆ ಬಸ್ಸಿನ ಕಂಡಕ್ಟರ್ ಬೊಮ್ಮಯ್ಯನ ಕೈಗೆ ಕೊಡೂದು. ಅವ ತನ್ನ ಸೀಟಿನ ಕೆಳಗೆ ಇಡ್ತಿದ್ದ. ಕುಮಟೆ ಸ್ಟ್ಯಾಂಡಿನಲ್ಲಿ ಮಾಬ್ಲ ಬಂದು ಇಳಿಸಿಕೊಳ್ಳೂದು. ಆ ಕಾಲದಲ್ಲಿ ಎಷ್ಟೋ ಮನೆಯ ಡಬ್ಬಿ ಹಾಗೇ ಹೋಗ್ತಿತ್ತು. ಸಂಜೆ ಅವ ಖಾಲಿ ಡಬ್ಬಿ ತರ್ತಿದ್ದ.

ಖಾಲಿ ಅಂದೆ. ಖಾಲಿ ಇರ್ತಿರಲಿಲ್ಲ. ನಮ್ಮ ಕಡೆ ಇನ್ನೊಬ್ಬರ ಪಾತ್ರೆಯನ್ನು ಖಾಲಿ ತಿರುಗಿ ಕೊಡೂದಿಲ್ಲ, ಏನೂ ಇಲ್ಲದಿದ್ರೆ ಒಂದು ಚೂರು ಬೆಲ್ಲ ಆದ್ರೂ ಹಾಕ್ತಾರೆ. ಆ ಡಬ್ಬಿಯಲ್ಲೂ ಹಾಗೇ ಏನಾದರೂ ಇರ್ತಿತ್ತು. ಪೇರಲೆಕಾಯಿ. ಪೆಪ್ಪರ್‌ಮಿಂಟು. ನೆಲ್ಲಿಕಾಯಿ. ಕೆಲವು ದಿನ ಬಾಳೆಲೆಯಲ್ಲಿ ಕಟ್ಟಿದ ಒಂದು ತುಂಡು ಅಬ್ಬಲಿಗೆ ಮಾಲೆ. ಯಾರು ಹಾಕಿದ್ದು ಅಂತ ನಾನು ಕೇಳಲಿಲ್ಲ. ಕೇಳಿದರೆ ಬರೂದು ನಿಂತರೆ. ಪೇರಲೆ ತಿಂದೆ, ಅಬ್ಬಲಿಗೆ ಮುಡಿದೆ. ಇಪ್ಪತ್ತು ಇಪ್ಪತ್ತೊಂದು ವಯಸ್ಸು, ಮುಡಿಯದೆ ಎಂತ ಮಾಡ್ತಾರೆ.

ಮಧ್ಯಾಹ್ನ ಅಟ್ಟದ ಮೇಲಿಂದ ಆ ಡಬ್ಬಿ ಇಳಿಸಿದೆ. ಹುಣಸೆಹಣ್ಣು ತುಂಬಿಸಿ ಇಟ್ಟಿದ್ದೆ. ಬೂದಿ ಹಾಕಿ ತಿಕ್ಕಿದೆ. ಕೊಂಡಿ ಇನ್ನೂ ಗಟ್ಟಿ ಇದೆ.

೨೫ ನವೆಂಬರ್, ಮಂಗಳವಾರ

ಇವತ್ತು ಮಂಚಕ್ಕೆ ಊಟ ಕೊಡಲಿಲ್ಲ.

"ಊಟ ಎಲ್ಲಿ ಅಕ್ಕ?"

"ಬಸ್ಸಿಗೆ ಹಾಕಿದ್ದೇನೆ. ಹೋಗಿ ಇಳಿಸಿಕೊ."

"ಯಾವ ಬಸ್ಸು?"

"ಅಡುಗೆಮನೆ ಹೊಸ್ತಿಲಿಗೆ ಬಂದು ನಿಂತಿದೆ."

ಡಬ್ಬಿ ಹೊಸ್ತಿಲ ಮೇಲಿತ್ತು. ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ. ಅವ ಕಂಡ, ಕಣ್ಣು ಮುಚ್ಚಿಕೊಂಡ. ನಾನು ಹಿತ್ತಿಲಿಗೆ ಹೋದೆ. ಎರಡು ಗಂಟೆಯಾದರೂ ಸುದ್ದಿಯಿಲ್ಲ. ನನ್ನ ಊಟವೂ ಹಾಗೇ ಉಳೀತು, ಅವನಿಗಿಂತ ಮೊದಲು ಉಂಡರೆ ಸೋತ ಹಾಗೆ. ಮತ್ತೆ ವಾಕರ್ ನೆಲಕ್ಕೆ ಉಜ್ಜುವ ಸದ್ದು ಬಂತು. ನಾನು ನೋಡಲಿಲ್ಲ. ಬಾಗಿಲ ಸಂದಿಯಿಂದ ಸ್ವಲ್ಪ ಕಂಡಿತು, ಅಷ್ಟೇ. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದ.

ಉಂಡು ಡಬ್ಬಿ ಹೊಸ್ತಿಲ ಮೇಲೇ ಬಿಟ್ಟಿದ್ದ. ತೆಗೆದು ನೋಡಿದೆ. ಎಂತ ಇಲ್ಲ.

"ಖಾಲಿ ಡಬ್ಬಿ ಕೊಡ್ತಿಯಲ್ಲ. ಬ್ಯಾಂಕಿನಲ್ಲಿ ಅದೇ ಕಲಿಸಿದ್ದಾ?"

ಅವ ಟವೆಲನ್ನು ಮುಖದ ಮೇಲೆ ಎಳೆದುಕೊಂಡ.

೧ ಡಿಸೆಂಬರ್, ಸೋಮವಾರ

ಬಸ್ಸು ಜಗಲಿ ತನಕ ಹೋಗಿ, ನಿನ್ನೆಯಿಂದ ಅಂಗಳದ ತುಳಸಿಕಟ್ಟೆಗೆ ಬಂದು ನಿಲ್ತಾ ಇದೆ. ಅವ ನನ್ನನ್ನು ಬೈತಾ ಹೋಗ್ತಾನೆ, ಬೈತಾ ಬರ್ತಾನೆ. ಬೈಗುಳಕ್ಕೆ ಉಸಿರು ಬೇಕಲ್ಲ, ಇದೆ ಅಂತಾತು.

ಇವತ್ತು ಡಬ್ಬಿ ತೆರೆದರೆ ಒಳಗೆ ಒಂದು ಕಲ್ಲು. ಬೇಕಂತಲೇ ಹಾಕಿದ್ದು. ನಾನೂ ಎತ್ತಿ ಬಿಸಾಡಲಿಕ್ಕೆ ಹೋದೆ. ಆಮೇಲೆ ತಲೆಗೆ ಬಂತು, ಕಲ್ಲು ತುಳಸಿಕಟ್ಟೆ ಮೇಲೆ ಇರೂದಿಲ್ಲ, ಅದರಾಚೆ ಬೇಲಿ ಬುಡದಲ್ಲಿ ಇರೂದು. ಬಗ್ಗಿ ಎತ್ತಬೇಕು. ತೊಳೆದು ಕಿಟಕಿಯಲ್ಲಿ ಇಟ್ಟಿದ್ದೇನೆ. ಬಿಳೀ ಕಲ್ಲು, ಚೊಲೋ ಇದೆ.

೬ ಡಿಸೆಂಬರ್, ಶನಿವಾರ

ಆ ಸುದರ್ಶನ ನನ್ನನ್ನೂ ಅವರ ವಾಟ್ಸಾಪಿಗೆ ಸೇರಿಸಿದ್ದಾನೆ. ನಾನು ಕೇಳಿದ್ದಿಲ್ಲ. ಮಂಗಲಾ ಬಂದು, ಒತ್ತಿ ಹಿಡಿದರೆ ಮಾತು ಹೋಗ್ತದೆ ಅಂತ ತೋರಿಸಿಕೊಟ್ಟಳು. ಬೆಳಗಾದರೆ ಸಾಕು, ಗುಲಾಬಿ ಹೂವು, ಶುಭೋದಯ. ಈ ಪದವೀಧರರಿಗೆಲ್ಲ ಬೆಳಿಗ್ಗೆ ಬೇರೆ ಕೆಲಸ ಇಲ್ಲ.

ವಕೀಲನಿಗೆ ಫೋನಿನಲ್ಲಿ ಬಸ್ಸಿನ ಸುದ್ದಿ ಹೇಳಿದ್ದೆ, ಅವ ಮಾತು ಕಳಿಸಿದ್ದ. "ಅಕ್ಕ, ಬಸ್ಸು ಎಲ್ಲಿ ತನಕ ಬಂತು?"

ನಾನು ಒತ್ತಿ ಹಿಡಿದು, "ನಿನ್ನ ಕೋರ್ಟಿನ ಕೇಸಿಗಿಂತ ಜೋರಾಗಿ ಹೋಗ್ತಾ ಇದೆ" ಅಂದೆ. ಅದಕ್ಕೆ ಇಪ್ಪತ್ತು ಜನ ನಗುವ ಮುಖ ಕಳಿಸಿದ್ರು. ನಗೂದು ಎಂತಕ್ಕೆ, ಇದ್ದದ್ದು ಹೇಳಿದ್ದು.

ಭಟ್ಕಳದಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದ ವನಮಾಲಾ ಅಂತ ಒಬ್ಬಳಿದ್ದಾಳೆ, ಅವಳದ್ದೂ ಬಂತು. "ಸಣ್ಣಕ್ಕ, ಆ ಮೆಣಸಿನ ಡಬ್ಬಿ ನೆನಪಿದೆಯಾ? ನಮ್ಮ ಹುಡುಗರು ಹಿಸ್ಟರಿ ಕ್ಲಾಸಿನಲ್ಲಿ ಸಾಲಾಗಿ ಕೂತು ಅತ್ತದ್ದು?"

ನೆನಪಿಲ್ಲದೆ ಎಂತ. ಮಾಬ್ಲ ಸಂಜೆ ಹಸಿದು ಬರ್ತಿದ್ದ. ಕೇಳಿದರೆ ಗೆಳೆಯರು ತಿಂದರು ಅಂತಿದ್ದ. ನಾಲ್ಕು ದಿನ ನೋಡಿದೆ. ಐದನೇ ದಿನ ಮೇಲೆ ಅನ್ನ ಹರವಿ, ಕೆಳಗೆ ಪೂರ್ತಿ ಜೀರಿಗೆ ಮೆಣಸು ಅರೆದು ತುಂಬಿಸಿ ಕಳಿಸಿದೆ. ಮರುದಿನದಿಂದ ಎರಡಾಳಿನ ಅನ್ನ ಹಾಕಿದ್ದೂ ನಾನೇ. ಅದನ್ನು ಯಾರೂ ಹೇಳೂದಿಲ್ಲ.

ಮಾತು ಮುಗಿಯುವಾಗ ನಡುಮನೆಯಿಂದ ಏನೋ ಸದ್ದು. ಮಾಬ್ಲ ನಗ್ತಾ ಇದ್ದ. ಮಂಚದ ಮೇಲೆ ಒಬ್ಬನೇ, ಹೊಟ್ಟೆ ಹಿಡಿದುಕೊಂಡು. ಮುದುಕನಿಗೆ ಮರುಳು.

೧೩ ಡಿಸೆಂಬರ್, ಶನಿವಾರ

ವಾಕರ್ ಬಿಟ್ಟು ಕೋಲು ಹಿಡಿದಿದ್ದಾನೆ. ಬಸ್ಸು ಮಂಗಲಾನ ಜಗಲಿಗೆ. ಅವಳು ಅಲ್ಲೇ ಕೂರಿಸಿ ಚಾ ಕೊಡ್ತಾಳೆ, ಇವ ಒಂದು ಗಂಟೆ ಹರಟೆ ಹೊಡೆದು ಬರ್ತಾನೆ. ಅನ್ನ ಇಲ್ಲಿಂದ, ಮಾತೆಲ್ಲ ಅಲ್ಲಿ. ಡಬ್ಬಿಯಲ್ಲಿ ಅವಳ ಮರದ ಬಿಂಬಲಕಾಯಿ ಇತ್ತು. ಅದು ಮಂಗಲಾ ಹಾಕಿದ್ದಾ, ಇವ ಕೊಯ್ದಿದ್ದಾ ಅಂತ ವಿಚಾರಿಸಿದೆ. ಇವನೇ ಕೊಯ್ದದ್ದಂತೆ. ಇನ್ನೊಬ್ಬರ ಮರದ್ದು.

ಮೂರು ಸಲ ಹೇಳಿದ್ದೇನೆ, ಈ ಕುಮಟೆ ಕೆಲಸ ಮುಗಿದ ಕೂಡಲೆ ಇವನನ್ನು ಭಟ್ಕಳಕ್ಕೆ ಕಳಿಸಿ ನಾನು ಕಾಲು ಚಾಚಿ ಮಲಗ್ತೇನೆ ಅಂತ.

೧೮ ಡಿಸೆಂಬರ್, ಗುರುವಾರ

ಎಲ್ಲ ಹಾಳಾತು.

ನಿನ್ನೆ ಬಸ್ಸನ್ನು ರಸ್ತೆ ಬದಿಯ ಅಂಗಡಿಗೆ ಕಳಿಸಿದ್ದೆ. ಹತ್ತಿರವೇ. ಡಬ್ಬಿ ಅಲ್ಲಿ ಬೆಂಚಿನ ಮೇಲಿಟ್ಟು ಬಂದೆ. ಇವ ಕೋಲು ಊರಿಕೊಂಡು ಹೋದ. ಅಂಗಡಿಯಲ್ಲಿ ಯಾರೋ ಒಬ್ಬ, ಬ್ಯಾಂಕಿನಲ್ಲಿ ಇವನ ಕೈಕೆಳಗೆ ಇದ್ದವನಂತೆ, ಕಂಡವನೇ ನಾಲ್ಕು ಜನರ ಮುಂದೆ, "ಅಯ್ಯೋ ಸಾಹೇಬ್ರೆ, ಹೀಗಾಗಿ ಹೋದ್ರಾ, ನಮಗೆ ಗೊತ್ತೇ ಆಗಲಿಲ್ಲ" ಅಂತ ಸತ್ತವರ ಮನೆಗೆ ಬಂದ ಹಾಗೆ ತಲೆ ಅಲ್ಲಾಡಿಸಿದ. ಇವ ಡಬ್ಬಿ ಮುಟ್ಟದೆ ತಿರುಗಿ ಬಂದ. ಮಂಚ ಹತ್ತಿದ. ಗೋಡೆ ಕಡೆ ಮುಖ. "ಕುಮಟೆಗೆ ಬರೂದಿಲ್ಲ ಅಂತ ಹೇಳಿಬಿಡು."

ನಾನು ಅಂಗಡಿಗೆ ಹೋಗಿ ಡಬ್ಬಿ ತಂದೆ. ಆ ಮನುಷ್ಯ ಇನ್ನೂ ಅಲ್ಲೇ ಸೋಡಾ ಕುಡೀತಿದ್ದ. ಅವನಿಗೆ ಎಂತ ಹೇಳಿದೆ ಅಂತ ಬರೆಯೂದಿಲ್ಲ. ಸೋಡಾ ಅರ್ಧಕ್ಕೇ ಬಿಟ್ಟು ಹೋದ.

ಇವತ್ತು ಮಧ್ಯಾಹ್ನ ಬಟ್ಟಲಿಗೆ ಹಾಕಿ ಮಂಚಕ್ಕೇ ತಗೊಂಡು ಹೋದೆ. ಹತ್ತಿರ ಕೂತೆ. ಬೈಯಲಿಲ್ಲ. ಮೀನಿನ ಮುಳ್ಳು ಬಿಡಿಸಿ ಕೊಟ್ಟೆ, ಬೆಳಕು ಕಡಿಮೆ ಇತ್ತು, ಅದಕ್ಕೆ.

ಅವ ನೋಡಿದ. "ಇವತ್ತು ಬಸ್ಸಿಲ್ವಾ?"

"ಬಂದ್."

ಅರ್ಧ ಉಂಡ. ಮತ್ತೆ ಕೇಳಿದ, "ನಾಳೆ?"

"ಬೊಮ್ಮಯ್ಯನ ಕೇಳಬೇಕು" ಅಂದೆ.

೧೯ ಡಿಸೆಂಬರ್, ಶುಕ್ರವಾರ

ಡಬ್ಬಿ ಅಂಗಡಿ ಬೆಂಚಿನ ಮೇಲೆ ಇಟ್ಟು ಬಂದೆ. ಹನ್ನೆರಡಕ್ಕೆ ಮಂಚ ಖಾಲಿ.

೨೬ ಡಿಸೆಂಬರ್, ಶುಕ್ರವಾರ

ಕಪಾಟಿನಿಂದ ಮೈಸೂರು ಸಿಲ್ಕ್ ತೆಗೆದು ಬಿಸಿಲಿಗೆ ಹಾಕಿದ್ದೆ. ನುಸಿಗುಳಿಗೆ ವಾಸನೆ ಹೋಗಲಿ ಅಂತ. ಮಂಗಲಾ ಬೇಲಿಯಿಂದಲೇ ಶುರು ಮಾಡಿದಳು.

"ಎಂತ ಸಣ್ಣಕ್ಕ, ಕಾಲೇಜಿಗೆ ಹೋಗೂದು ಮಾಬ್ಲಣ್ಣನಾ, ನೀನಾ?"

"ಅವನ ಜೊತೆಗೆ ಒಬ್ಬರು ಬೇಡ್ವಾ? ಬಿದ್ದರೆ ಎತ್ತಲಿಕ್ಕೆ."

"ಎತ್ತಲಿಕ್ಕೆ ಸಿಲ್ಕ್ ಸೀರೆ ಬೇಕಾ?"

ನಾನು ಸೀರೆ ಮಗುಚಿ ಹಾಕಿದೆ. ಇಂಥವಳ ಹತ್ತಿರ ಅಬ್ಬಲಿಗೆ ಸುದ್ದಿ ಹೇಳಿದ್ದು ತಪ್ಪು. ಯಾರ ಮೇಲೆ ಅನುಮಾನ ಅಂತ ಕೇಳಿದ್ದಳು. ಅನುಮಾನ ಎಂತದ್ದು. ಮಾಬ್ಲ ಆಗ ಒಮ್ಮೆ ಗೆಳೆಯರ ಜೊತೆ ತೆಗೆಸಿದ ಫೋಟೋ ತಂದಿದ್ದ. ಅದರಲ್ಲಿ ಸುದರ್ಶನ ಉದ್ದಕ್ಕೆ, ಗುಂಗುರು ಕೂದಲು, ಬಾಯಿ ತುಂಬ ಹಲ್ಲು. ಹೂ ಕೊಂಡು ಕಳಿಸುವ ಧೈರ್ಯ ಇದ್ದರೆ ಅವನಿಗೆ ಇದ್ದೀತು ಅಂತ ಆವತ್ತು ಅನಿಸಿತ್ತು. ಅಷ್ಟೇ. ಮರುವರ್ಷ ನನ್ನ ಮದುವೆ ಆತು, ಕಾಸರಕೋಡಿಗೆ ಬಂದೆ, ಕೆಲಸ ಇತ್ತು.

ಮಾಬ್ಲ ಮಂಚದಿಂದ ಕೂಗಿದ, "ಅಕ್ಕ, ನನ್ನ ಅಂಗಿಗೂ ಇಸ್ತ್ರಿ ಮಾಡಿಸು." ಬರೂದಿಲ್ಲ ಅಂದವ.

೨೯ ಡಿಸೆಂಬರ್, ಸೋಮವಾರ ಬೆಳಿಗ್ಗೆ

ಮೈಕೈ ನೋವು. ಆದರೂ ಬರೀಬೇಕು.

ನಿನ್ನೆ ಮಗ ನರೇಶ ಕಾರಿನಲ್ಲಿ ಬಿಟ್ಟು ಹೋದ. ಕುಮಟೆಯ ಸಭಾಭವನ, ಬಾಗಿಲಲ್ಲಿ ದೊಡ್ಡ ಬ್ಯಾನರು. ಒಳಗೆ ಮುದುಕರ ಸಂತೆ. ಒಬ್ಬರನ್ನೊಬ್ಬರು ಗುರುತಿಸಲಿಕ್ಕೆ ಆಗದೆ ಎದೆಯ ಮೇಲಿನ ಚೀಟಿ ಓದೂದು, ಓದಲಿಕ್ಕೆ ಕನ್ನಡಕ ಹುಡುಕೂದು, ಹುಡುಕಿ ಓದಿ ಅಪ್ಪಿಕೊಳ್ಳೂದು. ಇಪ್ಪತ್ತೆರಡು ಜನ ಬಂದಿದ್ದರು. ಗೋಡೆಯ ಹತ್ತಿರ ಒಂದು ಬೋರ್ಡಿನಲ್ಲಿ ತೀರಿಕೊಂಡವರ ಫೋಟೋ ಹಚ್ಚಿದ್ದರು. ಮಾಬ್ಲ ಅಲ್ಲಿ ತುಂಬ ಹೊತ್ತು ನಿಂತ. ನಾನು ಕೋಲು ನೆಟ್ಟಗೆ ಹಿಡ್ಕೊ ಅಂದೆ.

ಸುದರ್ಶನ ಬಂದ. ಗುಂಗುರು ಕೂದಲು ಒಂದೂ ಇಲ್ಲ, ತಲೆ ತಾಮ್ರದ ತಂಬಿಗೆ. ಹಲ್ಲು ಕಟ್ಟಿಸಿದ್ದು, ನಗುವಾಗ ಒಂಚೂರು ತಡವಾಗಿ ಬರ್ತದೆ. ಜೊತೆಗೆ ಹೆಂಡತಿ, ರೇಷ್ಮೆ ಸೀರೆ, ಶಿಸ್ತಿನ ಹೆಂಗಸು.

"ಅಕ್ಕಾ" ಅಂತ ಕಾಲಿಗೇ ಬಿದ್ದ.

"ಏಳು, ಏಳೂದು ಕಷ್ಟ ಆದೀತು" ಅಂದೆ. ಚೀಲದಿಂದ ಡಬ್ಬಿ ತೆಗೆದೆ. "ನಿನಗೇ ಮಾಡಿ ತಂದದ್ದು. ಒಣ ಶೆಟ್ಲಿ ಚಟ್ನಿ."

ವಕೀಲನ ಮುಖ ಇಳೀತು. ಅವನ ಹೆಂಡತಿ, "ಒಣ ಸೀಗಡಿಯಾ? ನಮ್ಮಲ್ಲಿ ಅದೆಲ್ಲ..." ಅಂದಳು.

"ಬರೀ ಮಸಾಲೆ ತಿಂತಿದ್ದೆ. ಶೆಟ್ಲಿ ಬದಿಗೆ ಸರಿಸಿ" ಅಂದ ಸುದರ್ಶನ.

ಮಾಬ್ಲ ಹಿಂದಿನಿಂದ, "ಹೌದು, ಬಾಯಿಯ ಬದಿಗೆ" ಅಂದ. ಆ ಹೆಂಗಸು ಗಂಡನನ್ನು ನೋಡಿದ ನೋಟಕ್ಕೆ ನನಗೆ ಅವಳ ಮೇಲೆ ಒಳ್ಳೇ ಅಭಿಪ್ರಾಯ ಬಂತು.

ಆಮೇಲೆ ಕಾರ್ಯಕ್ರಮ. ಒಬ್ಬೊಬ್ಬರನ್ನೇ ಸ್ಟೇಜಿಗೆ ಕರೆದು ಶಾಲು ಹೊದಿಸೂದು. ಸ್ಟೇಜಿಗೆ ಮೆಟ್ಟಿಲು. ಮಾಬ್ಲನ ಮುಖ ಮೆಟ್ಟಿಲು ಕಂಡಾಗಲೇ ಸಣ್ಣ ಆಗಿತ್ತು. ಸುದರ್ಶನ ಮೈಕಿನಲ್ಲಿ, "ನಮ್ಮ ಮಹಾಬಲನಿಗೆ ಕಾಲು ನೋವು, ನಾವೇ ಕೆಳಗೆ ಬಂದು ಶಾಲು ಹಾಕ್ತೇವೆ" ಅಂದ. ಒಳ್ಳೇ ಮನಸ್ಸಿನಿಂದಲೇ ಅಂದದ್ದು. ಎಲ್ಲರೂ ಇತ್ತ ತಿರುಗಿ ಮುಖ ಬಾಡಿಸಿಕೊಂಡರು, ಆ ಅಂಗಡಿಯಲ್ಲಿ ಸಿಕ್ಕವನ ಹಾಗೇ. ಮಾಬ್ಲ ಕೋಲನ್ನು ಕುರ್ಚಿ ಕೆಳಗೆ ತಳ್ಳಿದ. ತಲೆ ತಗ್ಗಿಸಿದ. ನನಗೆ ಗೊತ್ತಾತು, ಇದು ಮತ್ತೆ ಗೋಡೆ ಕಡೆ ತಿರುಗುವ ಲಕ್ಷಣ. ಈಗ ತಿರುಗಿದರೆ ಮತ್ತೆ ಏಳೂದಿಲ್ಲ ಈ ಮನುಷ್ಯ.

ನಾನು ಎದ್ದೆ. ಡಬ್ಬಿ ಹಿಡಿದು ಸ್ಟೇಜ್ ಹತ್ತಿದೆ. ಹಾರ ಶಾಲು ಇಟ್ಟಿದ್ದ ಮೇಜಿನ ನಡುವೆ ಡಬ್ಬಿ ಇಟ್ಟೆ. ಇಳಿದು ಬಂದು ನನ್ನ ಜಾಗದಲ್ಲಿ ಕೂತೆ. ಸುದರ್ಶನ ಮೈಕು ಹಿಡಿದವ ಹಾಗೇ ನಿಂತಿದ್ದ.

ಮಾಬ್ಲ ನನ್ನನ್ನು ನೋಡಲಿಲ್ಲ. "ಬಸ್ಸು ಬಂತಾ?" ಅಂದ.

"ಬಂತು. ಈಗ ಹೊರಡ್ತದೆ" ಅಂದೆ.

ಅವ ಬಗ್ಗಿ ಕೋಲು ಹುಡುಕಿದ, ಸಿಗಲಿಲ್ಲ, ದೂರ ತಳ್ಳಿದ್ದ. ಹಾಗೇ ಎದ್ದ. ಕುರ್ಚಿಯ ಬೆನ್ನು ಹಿಡಿದು, ಮತ್ತೊಂದು ಕುರ್ಚಿ ಹಿಡಿದು, ಸ್ಟೇಜಿನ ಪಕ್ಕದ ಕಂಬ ಹಿಡಿದು ಮೆಟ್ಟಿಲು ಹತ್ತಿದ. ಒಬ್ಬ ಕೈ ಕೊಡಲಿಕ್ಕೆ ಓಡಿದ, ವನಮಾಲಾ ಅವನ ಅಂಗಿ ಹಿಡಿದು ಎಳೆದು ಕೂರಿಸಿದಳು. ಹೆಡ್‌ಮಿಸ್ಟ್ರೆಸ್ ಅಲ್ಲವಾ, ಎಲ್ಲಿ ಸುಮ್ಮನಿರಬೇಕು ಗೊತ್ತಿದೆ. ಮಾಬ್ಲ ಮೇಲೆ ನಿಂತು ಡಬ್ಬಿ ಎತ್ತಿಕೊಂಡ, ಸುದರ್ಶನನ ಕೈಯಿಂದ ಮೈಕು ತೆಗೆದುಕೊಂಡ. ನಾನು ಭಾಷಣ ಅಂದುಕೊಂಡೆ.

"ಡಬ್ಬಿಗೆ ಯಾರೂ ಕೈ ಹಾಕಬೇಡಿ. ಇದರಲ್ಲಿ ಮೆಣಸು ಇರಬಹುದು" ಅಂದ.

ಆ ಸಭೆಯಲ್ಲಿ ಎದ್ದ ನಗುವಿಗೆ ಹೊರಗಿನ ಡ್ರೈವರುಗಳು ಬಾಗಿಲಲ್ಲಿ ಇಣುಕಿದರು. ಆಮೇಲೆ ನನಗೂ ಒಂದು ಶಾಲು ಹೊದಿಸಿದರು. ಬೇಡ ಅಂದೆ. ಒಂದೇ ಸಲ ಅಂದೆ. ಕೆಂಪು ಬಣ್ಣ, ಅಂಚು ಚೊಲೋ ಇದೆ.

ಊಟದ ಹೊತ್ತಿಗೆ ಎಲ್ಲ ನನ್ನ ಸುತ್ತ ಕೂತರು. ಚಟ್ನಿ ಬಟ್ಟಲು ಕೈಯಿಂದ ಕೈಗೆ ಹೋಗಿ ಬರಿದಾತು. ವಕೀಲ ಹೆಂಡತಿಗೆ ಬೆನ್ನು ಹಾಕಿ ತಿಂದ. ಆಗ ಕೇಳಿಯೇ ಬಿಟ್ಟೆ, ಆ ಡಬ್ಬಿಗೆ ಪೇರಲೆ ಹಾಕ್ತಿದ್ದದ್ದು ಯಾರು ಅಂತ.

"ನಾನು" ಅಂದ ಒಬ್ಬ. "ಮೆಣಸಿನ ದಿನದಿಂದ ಶುರುವಾದದ್ದು. ನಿನ್ನ ಸಿಟ್ಟಿಗೆ ಹೆದರಿ." ಪೆಪ್ಪರ್‌ಮಿಂಟು ಇನ್ನೊಬ್ಬ. ನೆಲ್ಲಿಕಾಯಿ ವನಮಾಲಾ, ಅವಳ ಮನೆಯ ಮರದ್ದು. ಎಲ್ಲ ಸರದಿಯ ಮೇಲೆ ಹಾಕ್ತಿದ್ದರಂತೆ, ದೇವಿಗೆ ಹರಕೆ ಒಪ್ಪಿಸಿದ ಹಾಗೆ.

"ಅಬ್ಬಲಿಗೆ?" ಅಂದೆ.

ಸುದರ್ಶನ ತಲೆ ಅಲ್ಲಾಡಿಸಿದ. "ನಾ ಅಲ್ಲ ಅಕ್ಕ. ನಂಗೆ ಅಷ್ಟು ಧೈರ್ಯ ಎಲ್ಲಿಂದ." ಅವನ ಹೆಂಡತಿ, "ಅದು ನಿಜ, ನನಗೇ ಒಂದು ದಿನ ತಂದವರಲ್ಲ" ಅಂದಳು. ಅವರು ಇವರನ್ನು ನೋಡಿದರು, ಇವರು ಅವರನ್ನು. ತೀರಿಕೊಂಡವರಲ್ಲಿ ಯಾರಾದರೂ ಇರಬೇಕು ಅಂತ ಮಾತು ಮುಗೀತು. ಮಾಬ್ಲ ಮೇಲೆ ಫ್ಯಾನ್ ನೋಡ್ತಾ ಕೂತಿದ್ದ. ಅವನನ್ನು ಕೇಳಿ ಪ್ರಯೋಜನ ಇಲ್ಲ. ಅವನಿಗೆ ಹೂವು ಯಾವುದು ಹರಿವೆ ಸೊಪ್ಪು ಯಾವುದು ಗೊತ್ತಾಗೂದಿಲ್ಲ.

೪ ಜನವರಿ ೨೦೨೬, ಭಾನುವಾರ

ವಿನುತಾ ಬಂದು ಮಾಬ್ಲನನ್ನು ಭಟ್ಕಳಕ್ಕೆ ಕರೆದುಕೊಂಡು ಹೋದಳು. ಅಂತೂ ಹೋದ. ಡಬ್ಬಿ ತುಂಬ ಚಟ್ನಿ ಹಾಕಿ ಕೊಟ್ಟೆ. ವಾಕರ್ ಇಲ್ಲೇ ಬಿಟ್ಟು ಹೋಗಿದ್ದಾನೆ, ಟವೆಲ್ ಒಣಗಿಸಲಿಕ್ಕೆ ಬೇಕು ಅಂತ ನಾನೇ ಹೇಳಿದೆ.

ಮನೆ ಈಗ ಎಷ್ಟು ಶಾಂತ.

೬ ಜನವರಿ, ಮಂಗಳವಾರ

ಮಧ್ಯಾಹ್ನಕ್ಕೆ ಎರಡಾಳಿನ ಅನ್ನ ಆತು. ಅಕ್ಕಿ ಅಳೆಯುವ ಪಾವಿನದ್ದೇ ತಪ್ಪು.

೧೧ ಜನವರಿ, ಭಾನುವಾರ

ಡಬ್ಬಿ ತಿರುಗಿ ಬಂದಿಲ್ಲ. ಒಂದು ವಾರ ಆತು. ವಾಟ್ಸಾಪಿನಲ್ಲಿ ವನಮಾಲಾನ ಕೇಳಿದೆ, ಆ ಮನುಷ್ಯ ಮನೆಯಲ್ಲಿ ಎಂತ ಮಾಡ್ತಿದ್ದಾನೆ, ಮತ್ತೆ ಮಲಗಿದ್ದಾನಾ ಅಂತ. ಬಾಗಿಲು ಹಾಕಿತ್ತು ಸಣ್ಣಕ್ಕ, ಎರಡು ಸಲ ಹೋದೆ ಅಂದಳು. ಫೋನು ಮಾಡಿದರೆ ಎತ್ತೂದಿಲ್ಲ. ವಿನುತಾಗೆ ಹೇಳಿದರೆ, "ಅಪ್ಪ ಆರಾಮಿದ್ದಾರೆ ಅತ್ತೆ" ಅಂತಾಳೆ, ಹುಬ್ಬಳ್ಳಿಯಲ್ಲಿ ಕೂತು.

ಗೋಡೆ ಕಡೆ ತಿರುಗಿರಬೇಕು. ಅಲ್ಲಿ ಬಸ್ಸಿಗೆ ಹಾಕುವವರು ಯಾರಿದ್ದಾರೆ.

ನನಗೆಂತ. ನನ್ನ ಡಬ್ಬಿ ಕೊಡಲಿ, ಸಾಕು.

೧೭ ಜನವರಿ, ಶನಿವಾರ

ಹನ್ನೊಂದರ ಸುಮಾರಿಗೆ ಮಂಗಲಾ ಕೂಗಿದಳು, "ಸಣ್ಣಕ್ಕ, ಬಸ್ಸು ಬಂತು." ತಮಾಷೆ ಅಂದುಕೊಂಡೆ. ಹೊರಗೆ ಬಂದರೆ ಮಾಬ್ಲ. ಹೈವೇಯಿಂದ ಒಬ್ಬನೇ ನಡೆದು ಬರ್ತಾ ಇದ್ದಾನೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಡಬ್ಬಿ. ಬೆವರಿ ಮುಖ ಕೆಂಪಾಗಿದೆ.

"ಯಾರ ಜೊತೆ ಬಂದೆ?"

"ಕಂಡಕ್ಟರ್ ಜೊತೆ."

"ಫೋನು ಎತ್ತಲಿಕ್ಕೆ ಆಗೂದಿಲ್ವಾ? ವನಮಾಲಾ ಬಂದರೆ ಬಾಗಿಲು ಹಾಕಿ ಎಲ್ಲಿ ಸಾಯ್ತಿಯಾ?"

"ಪೇಟೆಗೆ ಹೋಗ್ತೇನೆ ಅಕ್ಕ ದಿನಾ. ನಡೀಲಿಕ್ಕೆ. ಫೋನು ಮನೆಯಲ್ಲಿ ಇರ್ತದೆ." ಜಗಲಿಯಲ್ಲಿ ಕೂತು ನೀರು ಕುಡಿದ. ಊಟಕ್ಕೆ ನಿಲ್ಲು ಅಂದೆ, ನಿಂತ. ಉಂಡು, ಮಂಚದ ಕಡೆ ಒಮ್ಮೆ ನೋಡಿ, ಎರಡು ಗಂಟೆ ಬಸ್ಸಿಗೆ ಹೋಗ್ತೇನೆ ಅಂತ ಎದ್ದ. ಸುದರ್ಶನನ ಜೊತೆ ಸೋಮವಾರ ಕುಮಟೆಯಲ್ಲಿ ಏನೋ ಕೆಲಸ ಇದೆಯಂತೆ. ಈಗ ಇವನಿಗೆ ಕೆಲಸ ಬೇರೆ.

ಹೋದ ಮೇಲೆ ಡಬ್ಬಿ ತೊಳೆಯಲಿಕ್ಕೆ ತೆಗೆದೆ. ಮೇಲಿನ ಅಂತಸ್ತು ಖಾಲಿ. ಬೈದುಕೊಂಡೇ ಕೆಳಗಿನದ್ದು ತೆಗೆದೆ. ಬಾಳೆಲೆ. ಒಳಗೆ ಒಂದು ತುಂಡು ಅಬ್ಬಲಿಗೆ.

ಭಟ್ಕಳ ಪೇಟೆಯಲ್ಲಿ ಮಲ್ಲಿಗೆಯಾದರೆ ಹೆಜ್ಜೆಗೊಂದು ಕಡೆ ಸಿಗ್ತದೆ. ಅಬ್ಬಲಿಗೆಗೆ ಹುಡುಕಬೇಕು. ತಿರುಗಬೇಕು.

ಅಡುಗೆಮನೆ ಹೊಸ್ತಿಲ ಮೇಲೇ ಕೂತೆ. ಅಂದ್ರೆ ಐವತ್ತು ವರ್ಷ ಆ ಬೋಳು ತಲೆ ವಕೀಲನ ಮೇಲೆ ಸುಮ್ಮನೆ ಅನುಮಾನ ಇಟ್ಟುಕೊಂಡಿದ್ದೆ. ಆ ಫ್ಯಾನಿನಲ್ಲಿ ಎಂತ ಕಾಣ್ತಿತ್ತು ಅಂತ ಆವತ್ತೇ ಕೇಳಬೇಕಿತ್ತು. ಹೂವೂ ಸಮ ಇಲ್ಲ, ಬಸ್ಸಿನಲ್ಲಿ ಸೆಕೆಗೆ ಅರ್ಧ ಬಾಡಿದೆ. ನಮ್ಮವರು ಹೋದಮೇಲೆ ನಾನು ಹೂ ಮುಡಿದವಳಲ್ಲ, ಅದು ಅವನಿಗೂ ಗೊತ್ತು. ಎಂತ ಮಾಡ್ತಾಳೆ ಅಂತ ತಂದದ್ದು ಹೇಳು.

ಸಂಜೆ ಮಂಗಲಾ ಬೇಲಿ ಹತ್ತಿರ ಬಂದಳು. ನನ್ನ ಮುಖ ನೋಡಿದಳು, ತಲೆ ನೋಡಿದಳು. ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು. ಹೇಳಿದ್ದರೆ ಗೊತ್ತಾಗ್ತಿತ್ತು ಅವಳಿಗೆ.